ಎಲುಬು ಸರಿಯಿದ್ದರೂ ಕಾಲು ನೋವು ಯಾಕೆ ಹೋಗುತ್ತಿಲ್ಲ?

ಪ್ರಶ್ನೆ: ನನ್ನ ತಮ್ಮ ರೈಸ್ ಮಿಲ್ಲಿನಲ್ಲಿ ಹಮಾಲಿ. ಚೀಲ ಹೊತ್ತು ಇಳಿಯುವಾಗ ಪಾದ ಒಳಕ್ಕೆ ಹೊರಳಿತು. ಎಕ್ಸ್‌ರೇಯಲ್ಲಿ ಎಲುಬು ಸರಿಯಿದೆ, ಲಿಗಮೆಂಟ್ ಹರಿದಿದೆ ಅಂದರು. ಒಂದೂವರೆ ತಿಂಗಳಾದರೂ ನೋವಿದೆ. ಎಲುಬು ಮುರಿದವರೇ ಇಷ್ಟರಲ್ಲಿ ಓಡಾಡುತ್ತಾರಲ್ಲ? ಲಿಗಮೆಂಟ್ ಅಂದರೆ ನರವೇ? ತಿಕ್ಕಿಸಿದರೆ ಕೂಡುತ್ತದೆಯೇ?
– ಓದುಗರು, ಗಂಗಾವತಿ

ಉತ್ತರ: ಮೊದಲು ತಿಕ್ಕಿಸುವ ಮಾತು. ದಯವಿಟ್ಟು ಬೇಡ. ಹರಿದ ಎಳೆಗಳು ಇನ್ನೂ ಎಳೆಯದಾಗಿವೆ. ಜೋರಾಗಿ ತಿಕ್ಕಿ ಜಗ್ಗಿದರೆ ಕೂಡಿದ್ದೂ ಬಿಡಬಹುದು.

ಲಿಗಮೆಂಟ್ ನರವಲ್ಲ. ಎಲುಬಿಗೆ ಎಲುಬನ್ನು ಕಟ್ಟುವ ಗಟ್ಟಿ ಪಟ್ಟಿ. ಸ್ನಾಯುವನ್ನು ಎಲುಬಿಗೆ ಸೇರಿಸುವುದು ಟೆಂಡನ್. ಹಿಮ್ಮಡಿಯ ಮೇಲೆ ಕೈಗೆ ಸಿಗುತ್ತದಲ್ಲ, ಅದು. ಎರಡೂ ಸಂಯೋಜಕ ಅಂಗಾಂಶದ, ಅಂದರೆ ಮೈಯ ಭಾಗಗಳನ್ನು ಜೋಡಿಸಿ ಆಧಾರ ಕೊಡುವ ಅಂಗಾಂಶದ ಗುಂಪಿನವು. ಕೊಬ್ಬು, ಮೃದ್ವಸ್ಥಿ (ಕಿವಿ, ಮೂಗಿನ ತುದಿಯಲ್ಲಿರುವ ಮೆತ್ತನೆಯ ಎಲುಬು), ಎಲುಬು, ರಕ್ತ ಕೂಡ ಇದೇ ಗುಂಪು. ನೋಡಲು ಒಂದಕ್ಕೊಂದು ಸಂಬಂಧವೇ ಇಲ್ಲ, ಅಲ್ವಾ? ಆದರೆ ಇವುಗಳಲ್ಲಿ ಹೆಚ್ಚಿನವುಗಳಲ್ಲಿ ಜೀವಕೋಶ ಕಡಿಮೆ, ಅದರ ಸುತ್ತಲಿನ ವಸ್ತುವೇ ಜಾಸ್ತಿ. ಆ ವಸ್ತು ಹೇಗೋ ಅಂಗಾಂಶವೂ ಹಾಗೆ. ಎಲುಬಿನಲ್ಲಿ ಕ್ಯಾಲ್ಸಿಯಂ ಲವಣ ತುಂಬಿದೆ. ರಕ್ತದಲ್ಲಿ ಅದು ದ್ರವ. ಲಿಗಮೆಂಟಿನಲ್ಲಿ ಒತ್ತೊತ್ತಾದ ನಾರು.

ಆ ನಾರು ಕೊಲಾಜನ್. ನಮ್ಮ ಮೈಯ ಒಟ್ಟು ಪ್ರೋಟೀನಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಇದೇ. ಮೂರು ಎಳೆ ಸೇರಿಸಿ ಹಗ್ಗ ಹೊಸೆದ ಹಾಗೆ ಮೂರು ಪ್ರೋಟೀನ್ ಸರಪಳಿಗಳು ಸುತ್ತಿಕೊಂಡಿರುತ್ತವೆ. ಮೂರು ಸರಪಳಿಯ ಈ ರಚನೆಯನ್ನು 1954ರಲ್ಲಿ ಮದ್ರಾಸಿನಿಂದ ಜಗತ್ತಿನ ಮುಂದಿಟ್ಟವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಈ ಹೆಸರುಗಳು ನಮ್ಮ ಶಾಲೆಯ ಮಕ್ಕಳಿಗೆಲ್ಲ ಗೊತ್ತಿರಬೇಕು ಅಂತ ನನ್ನ ಆಸೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಎಲುಬಿಗೆ ರಕ್ತ ಚೆನ್ನಾಗಿ ಬರುತ್ತದೆ. ಮುರಿದರೂ ರಿಪೇರಿಗೆ ಬೇಕಾದ್ದು ಸಿಗುತ್ತದೆ. ಲಿಗಮೆಂಟಿಗೆ ಬರುವ ರಕ್ತ ಕಡಿಮೆ. ಮೊದಲ ಕೆಲವು ದಿನ ಊತ, ಬಿಸಿ. ಆಮೇಲಿನ ವಾರಗಳಲ್ಲಿ ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಹೊಸ ಕೊಲಾಜನ್ ಮಾಡುತ್ತವೆ. ಆದರೆ ಅದು ತೆಳು, ಅಡ್ಡಾದಿಡ್ಡಿ. ಗಟ್ಟಿಯಾಗಿ ಸಾಲಿಗೆ ಬರಲು ತಿಂಗಳುಗಟ್ಟಲೆ ಬೇಕು, ಕೆಲವೊಮ್ಮೆ ವರ್ಷವೂ ಹಿಡಿಯುತ್ತದೆ. ನಿಮ್ಮ ತಮ್ಮನ ಕಾಲು ಈಗ ಆ ಹಂತದಲ್ಲಿದೆ.

ಎಳೆತ ಯಾವ ಕಡೆ ಬೀಳುತ್ತದೋ ಎಳೆಗಳೂ ಆ ಕಡೆಗೇ ಸಾಲಾಗುತ್ತವೆ. ಹಾಗಾಗಿ ಸುಮ್ನೆ ಮಲಗಿರುವುದೂ ತಪ್ಪು. ಪಾದ ಮೇಲೆ ಕೆಳಗೆ ಆಡಿಸುವುದು, ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಇಂಥವನ್ನು ಫಿಸಿಯೋಥೆರಪಿಯವರ ಹತ್ತಿರ ಕಲಿತು ದಿನಾ ಮಾಡಲಿ. ಚೀಲ ಹೊರುವುದು ಮಾತ್ರ ಈಗಲೇ ಬೇಡ. ಕೂಲಿ ಬಿಟ್ಟರೆ ಮನೆ ನಡೆಯುವುದು ಕಷ್ಟ, ಗೊತ್ತು. ಆದರೂ ಮಾಲೀಕರ ಹತ್ತಿರ ಸದ್ಯಕ್ಕೆ ಚೀಲ ಹೊಲಿಯುವ ಕೆಲಸವನ್ನಾದರೂ ಕೇಳಿ ನೋಡಿ. ಅರ್ಧ ವಾಸಿಯಾದ ಕಾಲಲ್ಲಿ ಭಾರ ಹೊತ್ತರೆ ಪಾದ ಮತ್ತೆ ಮತ್ತೆ ಹೊರಳುತ್ತದೆ. ನಡೆಯುವಾಗ ಕಾಲು ಕುಸಿದಂತಾದರೆ ವೈದ್ಯರಿಗೆ ಮತ್ತೆ ತೋರಿಸಿ. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ. ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕಾಗಬಹುದು.

ದುಬಾರಿ ಕೊಲಾಜನ್ ಪುಡಿಗೆ ದುಡ್ಡು ಹಾಕಬೇಡಿ. ಕೊಲಾಜನ್ ಕಟ್ಟಲು ವಿಟಮಿನ್ ಸಿ ಬೇಕೇ ಬೇಕು. ಪೇರಲ, ನೆಲ್ಲಿಕಾಯಿ, ನಿಂಬೆಹಣ್ಣಿನಲ್ಲಿ ಅದು ಧಾರಾಳ. ಜೊತೆಗೆ ಬೇಳೆ, ಮೊಟ್ಟೆ. ಬೀಡಿ ಸೇದುತ್ತಿದ್ದರೆ ಬಿಡಿಸಿ, ಗಾಯ ಮಾಯುವುದನ್ನು ಅದು ತಡ ಮಾಡುತ್ತದೆ.

ಪ್ರಶ್ನೆ: ಅಪ್ಪನ ಕುತ್ತಿಗೆ, ಬೆನ್ನು ಕಟ್ಟಿಗೆಯಂತೆ ಬಿಗಿದಿವೆ. ವೈದ್ಯರು ಬೋರ್‌ವೆಲ್ ನೀರಿನ ಬಗ್ಗೆ ಕೇಳಿದರು. ನೀರಿಗೂ ಬೆನ್ನಿಗೂ ಏನು ಸಂಬಂಧ?
– ಓದುಗರು, ಯಲಬುರ್ಗಾ

ಉತ್ತರ: ಸಂಬಂಧವಿದೆ. ಕೊಪ್ಪಳ, ರಾಯಚೂರು ಜಿಲ್ಲೆಗಳ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ. ವರ್ಷಾನುಗಟ್ಟಲೆ ಕುಡಿದರೆ ಎಲುಬಿನ ಜೊತೆಗೆ ಲಿಗಮೆಂಟುಗಳಲ್ಲೂ ಕ್ಯಾಲ್ಸಿಯಂ ಸೇರಿ ಅವು ಗಟ್ಟಿಯಾಗುತ್ತವೆ, ಬಾಗುವುದಿಲ್ಲ. ಬೆನ್ನು ಬಿಗಿಯಲು ಬೇರೆ ಕಾರಣಗಳೂ ಇರಬಹುದು, ಆದ್ದರಿಂದ ವೈದ್ಯರು ಹೇಳಿದ ಎಕ್ಸ್‌ರೇ ತಪ್ಪಿಸಬೇಡಿ. ನೀರನ್ನೂ ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೂ 1.5 ದಾಟಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆರ್‌ಒ ಘಟಕದ ನೀರು ತನ್ನಿ. ಗಟ್ಟಿಯಾದ ಲಿಗಮೆಂಟ್ ಮೊದಲಿನಂತಾಗುವುದು ಕಷ್ಟ, ಆದರೆ ನೀರು ಬದಲಿಸಿದರೆ ಮುಂದಿನ ಹಾನಿ ತಗ್ಗುತ್ತದೆ. ಮನೆಯ ಮಕ್ಕಳ ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಕಲೆಗಳಿದ್ದರೆ ಅವರನ್ನೂ ವೈದ್ಯರಿಗೆ ತೋರಿಸಿ.