ಈಗ ಹಳೇ ಟೈಪ್‌ರೈಟರ್ ಕೊಳ್ಳುವಾಗ ಮುಖ್ಯವಾಗಿ ಏನು ನೋಡಬೇಕು?

ರಬ್ಬರ್ ರೋಲರ್ ನೋಡಿ. ಕಾಗದ ಸುತ್ತಿಕೊಳ್ಳುವ ಆ ಕಪ್ಪು ಉರುಳೆಗೆ ಉಗುರು ಒತ್ತಿದರೆ ಚೂರಾದರೂ ತಗ್ಗಬೇಕು. ಕಲ್ಲಿನಂತಾಗಿದ್ದರೆ, ಬೆಲೆ ಕಡಿಮೆ ಅಂತ ಸುಮ್ನೆ ಕೊಂಡುಬಿಡಬೇಡಿ.

ಕೀಲಿ ಒತ್ತಿದಾಗ ಲೋಹದ ಅಚ್ಚು ಮೇಲೆದ್ದು ಶಾಯಿಯ ರಿಬ್ಬನ್ನಿಗೆ ಬಡಿಯುತ್ತದೆ. ರಿಬ್ಬನ್ನಿನ ಹಿಂದೆ ಕಾಗದ, ಅದರ ಹಿಂದೆ ಈ ರಬ್ಬರ್. ಏಟು ತಾಳಿಕೊಳ್ಳುವುದು ಅದೇ ಅಲ್ವಾ? ವರ್ಷ ಕಳೆದಂತೆ ರಬ್ಬರ್ ಗಟ್ಟಿಯಾಗುತ್ತದೆ. ಆಗ ಸದ್ದು ಜಾಸ್ತಿ, ಅಕ್ಷರ ಒಂದೇ ಸಮ ಮೂಡುವುದಿಲ್ಲ, ಪೂರ್ಣವಿರಾಮ ಹೊಡೆದಲ್ಲೆಲ್ಲ ಕಾಗದ ತೂತಾಗುತ್ತದೆ. ಸ್ವಲ್ಪವೇ ಗಟ್ಟಿಯಾಗಿದ್ದರೆ ಹಿಂದೆ ಇನ್ನೊಂದು ಹಾಳೆ ಸೇರಿಸಿ ಟೈಪ್ ಮಾಡಿ, ನಡೆಯುತ್ತದೆ.

ಆಮೇಲೆ ಎಲ್ಲ ಕೀಲಿಗಳನ್ನೂ ಒತ್ತಿ ನೋಡಿ. ಒಂದೆರಡು ಅಂಟಿಕೊಂಡರೆ ಹೆದರಬೇಡಿ. ಹೆಚ್ಚಾಗಿ ಅದು ಹಳೇ ಎಣ್ಣೆ ಮತ್ತು ಧೂಳು. ಸ್ಪಿರಿಟ್ ಅದ್ದಿದ ಬ್ರಷ್ಷಿನಿಂದ ಉಜ್ಜಿದರೆ ಬಿಡುತ್ತದೆ. ಅಲ್ಲಿಗೆ ಮತ್ತೆ ಎಣ್ಣೆ ಮಾತ್ರ ಬಿಡಬೇಡಿ. ಧೂಳು ಕೂತು ಪುನಃ ಅಂಟಾಗುತ್ತದೆ.

ಯಾವ ಕಂಪನಿಯದ್ದು? ಗೋದ್ರೆಜ್ 1955ರಲ್ಲಿ ಟೈಪ್‌ರೈಟರ್ ಮಾಡಲು ಶುರು ಮಾಡಿತು, ಈಗ ನಿಲ್ಲಿಸಿದೆ. ಆದರೂ ಮೊದಲ ಯಂತ್ರವಾಗಿ ನಾನು ಹೇಳುವುದು ಗೋದ್ರೆಜ್ ಪ್ರೈಮಾ. ನಮ್ಮ ಕಚೇರಿಗಳಲ್ಲಿ ಬಹಳ ಬಳಕೆಯಲ್ಲಿದ್ದ ಗಟ್ಟಿಮುಟ್ಟಾದ ಯಂತ್ರ ಅದು. ಹಳೆಯವು ಇನ್ನೂ ಕೈಗೆ ಸಿಗುತ್ತವೆ, ಬಿಡಿಭಾಗಕ್ಕೂ ಅವೇ ದಾರಿ.

ರಿಬ್ಬನ್ ಚಿಂತೆ ಬೇಡ. ಸಾಮಾನ್ಯವಾಗಿ ಅರ್ಧ ಇಂಚು ಅಗಲ, ಹೊಸದು ಆನ್‌ಲೈನಿನಲ್ಲಿ ಸಿಗುತ್ತದೆ. ಯಂತ್ರದ ಜೊತೆ ಬಂದ ಹಳೇ ಸ್ಪೂಲ್ ಮಾತ್ರ ಎಸೆಯಬೇಡಿ. ಹೊಸದರ ಸ್ಪೂಲ್ ಕೂರದಿದ್ದರೆ ರಿಬ್ಬನ್ನನ್ನು ಅದಕ್ಕೇ ಸುತ್ತಿಕೊಳ್ಳಬಹುದು.