ಸೋರುವ ಗುಡಿಗೆ ಸಿಮೆಂಟಿನ ಟೋಪಿ

ಪತ್ರ: ಸಕಲೇಶಪುರ ತಾಲ್ಲೂಕಿನ ನಮ್ಮೂರಿನಲ್ಲಿ ಹೊಯ್ಸಳರ ಕಾಲದ ಸಣ್ಣ ಗುಡಿಯೊಂದಿದೆ. ಮೂರು ಮಳೆಗಾಲದಿಂದ ಸೋರುತ್ತಿದೆ. ಚಾವಣಿಯ ಮೇಲೆ ನಾಲ್ಕು ಇಂಚು ಕಾಂಕ್ರೀಟು ಹಾಕಿಸಲು ಸಮಿತಿ ಚಂದಾ ಎತ್ತಿದೆ. ಸದ್ಯಕ್ಕೆ ತಗಡು ಸಾಕು ಎಂದ ನನ್ನನ್ನು ಜಿಪುಣ ಎಂದರು. ನನ್ನದು ತಪ್ಪೇ?

ಸಂಪಾದಕರ ಉತ್ತರ: ಜಿಪುಣರೇ, ನಮಸ್ಕಾರ. ಆ ಬಿರುದನ್ನು ಬಿಟ್ಟುಕೊಡಬೇಡಿ.

ಸಮಿತಿಯವರ ಆತಂಕ ಸುಳ್ಳಲ್ಲ. ದೇವರ ತಲೆಯ ಮೇಲೆ ನೀರು ತೊಟ್ಟಿಕ್ಕುವುದನ್ನು ಯಾವ ಭಕ್ತನೂ ನೋಡಿಕೊಂಡಿರಲಾರ. ಆದರೆ ಹತ್ತಡಿ ಉದ್ದಗಲಕ್ಕೆ ನಾಲ್ಕು ಇಂಚು ಕಾಂಕ್ರೀಟು ಸುರಿದರೆ ಎರಡು ಟನ್ನಿಗೂ ಮಿಕ್ಕಿದ ಭಾರ. ಹೊರಬೇಕಾದದ್ದು ಹೊಯ್ಸಳರ ಕಾಲದ ಕಲ್ಲಿನ ತೊಲೆ. ಬೇಲೂರು ಚೆನ್ನಕೇಶವನ ಗರ್ಭಗುಡಿಯ ಮೇಲಿದ್ದ ಗೋಪುರವನ್ನು 1879ರಲ್ಲಿ ಇಳಿಸಿದ್ದು ಕೆಳಗಿನ ಗೋಡೆಗಳನ್ನು ಉಳಿಸಿಕೊಳ್ಳಲು. ಅವರು ಭಾರ ಇಳಿಸಿದರು, ನಾವು ಏರಿಸಲು ಹೊರಟಿದ್ದೇವೆ. ಸಿಮೆಂಟು ಬಿರುಕು ಬಿಟ್ಟರೆ ಒಳಹೊಕ್ಕ ನೀರಿಗೆ ಆರಲು ದಾರಿಯಿಲ್ಲ. ಕೀಳಹೋದರೆ ಕಲ್ಲನ್ನೂ ಕಚ್ಚಿಕೊಂಡು ಬರುತ್ತದೆ. ಬೆಲ್ಲದ ನೀರು, ಅಳಲೆಕಾಯಿ ನೀರು ಕುಡಿದ ಹಳೆಯ ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ, ಬೇಡವಾದ ದಿನ ಉಳಿಗೂ ಬಗ್ಗುತ್ತದೆ.

ಗಾರೆಯ ಕೆಲಸ ಬಲ್ಲವರು ಸಿಗುವವರೆಗೆ ನಿಮ್ಮ ತಗಡೇ ಸರಿ. ಗುಡಿಗೆ ಒಂದು ಮೊಳೆಯೂ ತಾಗದಂತೆ ಹೊರಗೆ ಕಂಬ ನಿಲ್ಲಿಸಿ, ಇಳಿಜಾರಾಗಿ, ಗಾಳಿಯಾಡಲು ಸಂದು ಬಿಟ್ಟು. ನೀರು ತಳಪಾಯದಿಂದ ದೂರ ಬೀಳಲಿ. ನೋಡಲು ಚೆನ್ನಾಗಿರುವುದಿಲ್ಲ, ನಿಜ. ಛತ್ರಿಯನ್ನು ಅಂದಕ್ಕಾಗಿ ಹಿಡಿಯುವವರು ಯಾರು? ನಮ್ಮಜ್ಜಿ ಮುಂಗಾರಿಗೆ ಮುಂಚೆ ಪಡುವಣದ ಮಣ್ಣುಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಸುತ್ತಿದ್ದರು. ದೀಪಾವಳಿಯ ಹೊತ್ತಿಗೆ ಅದು ಗೊಬ್ಬರದ ಗುಂಡಿ ಸೇರುತ್ತಿತ್ತು. ಬಂದದ್ದೂ ಹೋದದ್ದೂ ಗೋಡೆಗೆ ಗೊತ್ತಿಲ್ಲ. ಹಳೆಯ ಕಟ್ಟಡವನ್ನು ಹೊಸದಾಗಿಸುವುದಲ್ಲ, ಉಳಿಸುವುದೇ ಮೊದಲ ಕರ್ತವ್ಯ ಎಂದು ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಜಾನ್ ಮಾರ್ಷಲ್ ತಮ್ಮ ಇಲಾಖೆಯವರಿಗೆ ಕೈಪಿಡಿ ಬರೆದದ್ದು 1923ರಲ್ಲಿ. ಅಜ್ಜಿ ಅದನ್ನು ಓದಿರಲಿಲ್ಲ.

ಇನ್ನು ನಿಮಗೂ ಒಂದು ಮಾತು. ಇಷ್ಟೆಲ್ಲ ಬರೆದಿದ್ದೀರಿ, ಮೇಲೆ ಹತ್ತಿ ನೋಡಿದ ಸುದ್ದಿಯೇ ಇಲ್ಲ! ಅರಸೀಕೆರೆ ಕಡೆಯ ಗುಡಿಯೊಂದರ ಮೇಲೆ ನಾನು ಹತ್ತಿದ್ದೆ. ನೀರು ಹೋಗುವ ತೂಬಿನಲ್ಲಿ ಪಾರಿವಾಳದ ಪುಕ್ಕ, ಕೊಳೆತ ಎಲೆ, ಪಾನಕ ಕುಡಿದೆಸೆದ ಪ್ಲಾಸ್ಟಿಕ್ ಲೋಟ. ಮೊಳಕೈವರೆಗೆ ಕೈ ತೂರಿಸಿ ಎಳೆದಾಗ ಪಾದ ಮುಳುಗುವಷ್ಟು ನಿಂತಿದ್ದ ನೀರು ಗುಳುಗುಳು ಎಂದು ಇಳಿದುಹೋಯಿತು. ಮುಂದಿನ ಮಳೆಗೆ ಸೋರಿಕೆ ಅರ್ಧಕ್ಕರ್ಧ ಇಳಿದಿತ್ತು. ಖರ್ಚು? ಎರಡು ಕಾಫಿ. ಸಂದಿನಲ್ಲಿ ಅರಳಿ ಸಸಿಯಿದ್ದರೆ ಎಳೆಯಬೇಡಿ, ಕತ್ತರಿಸಿ; ಎಳೆದರೆ ಬೇರಿನ ಜೊತೆ ಗಾರೆಯೂ ಬರುತ್ತದೆ.

ಆದರೆ ತೂಬಿನ ಕಸ ತೆಗೆದವನ ಹೆಸರನ್ನು ಗ್ರಾನೈಟಿನಲ್ಲಿ ಕೆತ್ತುವವರು ಯಾರು? ಕಾಂಕ್ರೀಟಿಗಾದರೆ ದಾನಿಗಳ ಫಲಕ, ಶಾಸಕರ ಹಾರ, ಊಟ ಎಲ್ಲ ಉಂಟು. ನಮ್ಮ ಜಿಲ್ಲೆಯ ಎಷ್ಟೋ ಗುಡಿಗಳಲ್ಲಿ ಶಾಸನಕ್ಕೆ ಸುಣ್ಣ ಬಳಿದು, ಪಕ್ಕದಲ್ಲೇ ಫ್ಯಾನು ಕೊಟ್ಟವರ ಹೆಸರನ್ನು ಕೆಂಪಕ್ಷರದಲ್ಲಿ ಬರೆಸಿದ್ದಾರೆ. ಫ್ಯಾನಿನ ರೆಕ್ಕೆಗಳ ಮೇಲೂ ಅದೇ ಹೆಸರು, ಮೂರು ಸಲ.

ಗುಡಿ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದ್ದರೆ ಅವರನ್ನು ಕೇಳದೆ ತಗಡನ್ನೂ ಏರಿಸಬೇಡಿ. ಮೊದಲು ಮೇಲೆ ಹತ್ತಿ ತೂಬು ನೋಡಿ. ಏಣಿ ಹಿಡಿಯಲು ಸಮಿತಿಯವರು ಯಾರೂ ಬರದಿದ್ದರೆ ತಿಳಿಸಿ, ಭಾನುವಾರ ನನಗೆ ಬಿಡುವಿದೆ.