ಕಾನೂನು ಪ್ರಶ್ನೋತ್ತರ: ವಕೀಲರಿಗೆ ಹೇಳಿದ ಮಾತು, ವಕೀಲರಿಗೆ ಕೊಟ್ಟ ಕಾಗದ

ಪ್ರಶ್ನೆ: ತಂದೆಯ ಕಾಲದ ಪಾಲುಪಟ್ಟಿಯ ಅಸಲು ನಮ್ಮ ವಕೀಲರ ಬಳಿ ಇದೆ. ತಂಗಿ ಹೂಡಿರುವ ವಿಭಾಗದ ದಾವೆಯಲ್ಲಿ ಅದನ್ನು ಹಾಜರುಪಡಿಸಬೇಕೆಂದು ಅರ್ಜಿ ಹಾಕಿದ್ದಾಳೆ. ವಕೀಲರ ಕೈಲಿರುವ ಕಾಗದ ಗೋಪ್ಯ, ಕೊಡಬೇಕಿಲ್ಲ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಹೌದೇ? ವಕೀಲರಿಗೆ ವಾಟ್ಸ್ಆ್ಯಪ್‌ನಲ್ಲಿ ಬರೆದದ್ದನ್ನೂ ಕೇಳಬಹುದೇ?
— ಓದುಗರು, ತಿಪಟೂರು

ಉತ್ತರ: ಪಾಲುಪಟ್ಟಿ ಕೊಡಬೇಕಾಗುತ್ತದೆ. ವಾಟ್ಸ್ಆ್ಯಪ್ ಸಾಮಾನ್ಯವಾಗಿ ಕೊಡಬೇಕಿಲ್ಲ.

ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 132 ಕಾಯುವುದು ಕಕ್ಷಿದಾರ ಮತ್ತು ವಕೀಲರ ನಡುವಿನ ಮಾತುಕತೆಯನ್ನು, ವಕೀಲರು ಕೊಟ್ಟ ಸಲಹೆಯನ್ನು. ಮೊದಲೇ ಇದ್ದ ದಸ್ತಾವೇಜು ವಕೀಲರ ಬೀರುವಿಗೆ ಹೋದ ಮಾತ್ರಕ್ಕೆ ಗೋಪ್ಯವಾಗುವುದಿಲ್ಲ. ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 31ರ ತೀರ್ಪಿನಲ್ಲಿ ಇದನ್ನೇ ಬಿಡಿಸಿ ಹೇಳಿದೆ: ದಾಖಲೆ ಕಕ್ಷಿದಾರನ ಬಳಿ ಇರಲಿ, ವಕೀಲರ ಬಳಿ ಇರಲಿ, ಅದನ್ನು ಹಾಜರುಪಡಿಸುವುದಕ್ಕೆ ಕಲಂ 132 ಅಡ್ಡ ಬರುವುದಿಲ್ಲ. ಸಿವಿಲ್ ಪ್ರಕರಣದಲ್ಲಿ ಅದು ಕಲಂ 165 ಮತ್ತು ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಆದೇಶ 16, ನಿಯಮ 7ರ ಪ್ರಕಾರ ನಡೆಯುತ್ತದೆ.

ನಿಮ್ಮ ತಂಗಿಯ ಅರ್ಜಿ ಬಹುಶಃ ಸಿಪಿಸಿಯ ಆದೇಶ 11, ನಿಯಮ 14ರ ಕೆಳಗೆ ಬಂದಿರುತ್ತದೆ. ಸುಮ್ಮನಿರಬೇಡಿ. ದಾಖಲೆಗಳ ಪಟ್ಟಿಯನ್ನು ಅಫಿಡವಿಟ್ ಮೂಲಕ ಕೊಡುವಾಗ ಯಾವುದನ್ನು ಕೊಡಲು ತಕರಾರಿದೆ, ಯಾಕೆ ಎಂದು ಒಂದೊಂದಾಗಿ ಬರೆಯಬೇಕು. ‘ಎಲ್ಲವೂ ಗೋಪ್ಯ’ ಎಂಬ ಒಂದೇ ಸಾಲು ನಿಲ್ಲುವುದಿಲ್ಲ. ಪ್ರಿವಿಲೇಜ್ (ಗೋಪ್ಯವಾಗಿಡುವ ಹಕ್ಕು) ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ನ್ಯಾಯಾಧೀಶರು ಆ ಕಾಗದವನ್ನು ತಾವೇ ತರಿಸಿ ನೋಡಬಹುದು. ನಿಯಮ 19(2) ಅದಕ್ಕೆಂದೇ ಇದೆ. ಆದೇಶವಾದ ಮೇಲೂ ಕೊಡದಿದ್ದರೆ ನಿಯಮ 21ರ ಪ್ರಕಾರ ಪ್ರತಿವಾದವನ್ನೇ ತೆಗೆದುಹಾಕಬಹುದು. ಅಷ್ಟು ದೂರ ಹೋಗದಿದ್ದರೂ, ಕಾಗದ ನಿಮಗೆ ವಿರುದ್ಧವಾಗಿರುವುದರಿಂದಲೇ ಬಚ್ಚಿಟ್ಟಿದ್ದೀರಿ ಎಂದು ನ್ಯಾಯಾಲಯ ಊಹಿಸಲು ಸಾಕ್ಷ್ಯ ಅಧಿನಿಯಮದ ಕಲಂ 119 ಅವಕಾಶ ಕೊಡುತ್ತದೆ. ಅಂದಹಾಗೆ, ಹಳೆಯ ಪಾಲುಪಟ್ಟಿಗಳು ಎಡವುವುದು ಹೆಚ್ಚಾಗಿ ಗೋಪ್ಯತೆಯಲ್ಲಲ್ಲ, ಮುದ್ರಾಂಕ ಶುಲ್ಕದಲ್ಲಿ. ಶುಲ್ಕ ಕಡಿಮೆ ಬಿದ್ದಿದ್ದರೆ ಕರ್ನಾಟಕ ಮುದ್ರಾಂಕ ಕಾಯ್ದೆಯ ಕಲಂ 34ರ ಕೆಳಗೆ ಬಾಕಿಯ ಜೊತೆ ಹತ್ತು ಪಟ್ಟು ದಂಡ ಕಟ್ಟದೆ ಅದು ಸಾಕ್ಷ್ಯಕ್ಕೆ ಬರುವುದಿಲ್ಲ. ಈಗಲೇ ವಕೀಲರಿಗೆ ತೋರಿಸಿ ಲೆಕ್ಕ ಹಾಕಿಸಿ.

ವಾಟ್ಸ್ಆ್ಯಪ್ ವಿಷಯಕ್ಕೆ ಬಂದರೆ, ಗೋಪ್ಯ ಕಾಯುವ ಹೊಣೆ ವಕೀಲರ ಮೇಲೆ, ಅವರ ಗುಮಾಸ್ತರ ಮೇಲೆ, ದುಭಾಷಿಯ ಮೇಲೆ ಇರುತ್ತದೆ. ವಕಾಲತ್ತು ಮುಗಿದರೂ ಆ ಹೊಣೆ ಮುಗಿಯುವುದಿಲ್ಲ. ಆದರೆ ಹನ್ನೆರಡು ಜನ ನೆಂಟರಿರುವ ಗುಂಪಿಗೆ ವಕೀಲರನ್ನೂ ಸೇರಿಸಿಕೊಂಡು ಬರೆದಿದ್ದರೆ, ಆ ನೆಂಟರ ಬಾಯಿಗೆ ಕಲಂ 132 ಬೀಗ ಹಾಕುವುದಿಲ್ಲ. ವಕೀಲರಿಗೆ ಬರೆಯುವುದನ್ನು ವಕೀಲರೊಬ್ಬರಿಗೇ ಬರೆಯಿರಿ. ಮೋಸಕ್ಕೆ, ಕಾನೂನುಬಾಹಿರ ಕೆಲಸಕ್ಕೆ ದಾರಿ ಕೇಳಿ ಬರೆದದ್ದಕ್ಕಂತೂ ರಕ್ಷಣೆಯೇ ಇಲ್ಲ. ವಕೀಲರ ಜೊತೆಗಿನ ಗೋಪ್ಯ ಮಾತನ್ನು ಹೊರಗೆ ಹಾಕುವಂತೆ ನಿಮ್ಮನ್ನು ಒತ್ತಾಯಿಸದಂತೆ ಕಾಯುವುದು ಕಲಂ 134. ಆದರೆ ನೀವೇ ಸಾಕ್ಷಿ ಕಟ್ಟೆ ಹತ್ತಿ ‘ವಕೀಲರು ಹೇಳಿದ್ದರಿಂದಲೇ ಸಹಿ ಹಾಕಿದೆ’ ಎಂದರೆ, ಆ ಮಾತನ್ನು ವಿವರಿಸಲು ಬೇಕಾದಷ್ಟನ್ನು ಹೊರಗೆ ಹಾಕುವಂತೆ ಅದೇ ಕಲಂ ಪ್ರಕಾರ ನಿಮ್ಮನ್ನು ಒತ್ತಾಯಿಸಬಹುದು. ಪಾಟಿಸವಾಲಿನಲ್ಲಿ ಜನ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ.

ದಾವೆ ಅಥವಾ ಅರ್ಜಿ 2024ರ ಜುಲೈ 1ಕ್ಕೆ ಮೊದಲೇ ಬಾಕಿ ಇದ್ದರೆ 1872ರ ಹಳೆಯ ಸಾಕ್ಷ್ಯ ಕಾಯ್ದೆ ಅನ್ವಯಿಸುತ್ತದೆ. ಆಗ 126 ಮತ್ತು 129ನೇ ಕಲಂ ನೋಡಿ. ತಿರುಳು ಬಹುಮಟ್ಟಿಗೆ ಒಂದೇ.

ಪ್ರಶ್ನೆ: ಗುತ್ತಿಗೆದಾರರ ಜೊತೆಗಿನ ಜಗಳ ಮುಗಿಯಲೆಂದು ‘4 ಲಕ್ಷ ಕೊಡುತ್ತೇನೆ’ ಎಂದು ಇಮೇಲ್ ಮಾಡಿದ್ದೆ. ಈಗ ಅದನ್ನೇ ಸಾಲದ ಒಪ್ಪಿಗೆ ಎಂದು ಕೋರ್ಟಿಗೆ ಹಾಕಿದ್ದಾರೆ.
— ಓದುಗರು, ಹುಬ್ಬಳ್ಳಿ

ಉತ್ತರ: ಸಾಕ್ಷ್ಯ ಅಧಿನಿಯಮದ ಕಲಂ 21 ನೋಡಿ. ‘ಇದನ್ನು ಸಾಕ್ಷ್ಯವಾಗಿ ಬಳಸಕೂಡದು’ ಎಂದು ಸ್ಪಷ್ಟ ಷರತ್ತು ಹಾಕಿ, ಅಥವಾ ಇಬ್ಬರೂ ಹಾಗೆಂದೇ ಒಪ್ಪಿದ್ದರೆಂದು ತಿಳಿಯುವಂಥ ಸಂದರ್ಭದಲ್ಲಿ ಮಾಡಿದ ಒಪ್ಪಿಗೆಗೆ ಸಿವಿಲ್ ಪ್ರಕರಣದಲ್ಲಿ ಬೆಲೆಯಿಲ್ಲ. ಹಾಗಾಗಿ ‘ವಿದೌಟ್ ಪ್ರಿಜುಡಿಸ್’ (ನನ್ನ ಹಕ್ಕಿಗೆ ಬಾಧೆಯಿಲ್ಲದಂತೆ) ಎಂಬ ತಲೆಬರಹ ಇಲ್ಲದಿದ್ದರೂ ದಾರಿ ಮುಚ್ಚಿಲ್ಲ. ಹಿಂದುಮುಂದಿನ ಇಮೇಲ್‌ಗಳನ್ನೆಲ್ಲ ಸೇರಿಸಿ ರಾಜಿ ಮಾತುಕತೆ ನಡೆದಿತ್ತೆಂದು ತೋರಿಸಿ. ಆ ಇಮೇಲನ್ನು ಸಾಕ್ಷ್ಯವೆಂದು ಗುರುತಿಸಿ ನಿಶಾನೆ ಹಾಕುವ ಹೊತ್ತಿಗೇ ತಕರಾರು ದಾಖಲಾಗಲಿ. ಇದಕ್ಕೆ ತದ್ವಿರುದ್ಧವಾಗಿ, ಬರೀ ಬಾಕಿ ಒಪ್ಪಿ ಬರೆದ ಪತ್ರದ ನೆತ್ತಿಗೆ ಆ ಎರಡು ಪದ ಅಂಟಿಸಿದರೆ ರಕ್ಷಣೆ ಸಿಗದು. ಮುಂದೆ ಲೆಕ್ಕದ ಪತ್ರವೊಂದು, ರಾಜಿಯ ಪತ್ರವೊಂದು ಎಂದು ಬೇರೆ ಬೇರೆ ಕಳಿಸಿ. ಮಧ್ಯಸ್ಥಿಕೆ ಕೇಂದ್ರದಲ್ಲಿ ಆಡಿದ ಮಾತಿಗೆ ಇನ್ನೂ ಗಟ್ಟಿ ರಕ್ಷಣೆ: ರಾಜಿ ಮುರಿದರೆ ಮಧ್ಯಸ್ಥಿಕೆ ವಿಫಲವಾಯಿತು ಎಂಬ ಒಂದೇ ವಾಕ್ಯ ಕೋರ್ಟಿಗೆ ಹೋಗಬೇಕು, ಒಳಗೆ ಏನು ನಡೆಯಿತೆಂದು ಬರೆಯಬಾರದು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

ಪ್ರಶ್ನೆ: ನನಗೆ ತಿಳಿಯದಂತೆ ಪತಿ ರೆಕಾರ್ಡ್ ಮಾಡಿದ ಫೋನ್ ಮಾತುಗಳನ್ನು ವಿಚ್ಛೇದನದ ಕೇಸಿಗೆ ಕೊಟ್ಟಿದ್ದಾರೆ. ಗಂಡ ಹೆಂಡತಿ ಮಾತಿಗೆ ರಕ್ಷಣೆ ಇಲ್ಲವೇ?
— ಹೆಸರು ಬೇಡ, ಶಿರಸಿ

ಉತ್ತರ: ಇದೆ, ಆದರೆ ನಿಮ್ಮ ಪ್ರಕರಣದಲ್ಲಿ ಸಿಗದು. ದಂಪತಿಗಳ ಮಾತನ್ನು ಕಾಯುವ ಕಲಂ 128, ದಂಪತಿಗಳ ನಡುವಿನ ದಾವೆಯನ್ನೇ ಹೊರಗಿಟ್ಟಿದೆ. ಇಂಥ ಗುಟ್ಟಿನ ರೆಕಾರ್ಡಿಂಗನ್ನೂ ಸಾಕ್ಷ್ಯವಾಗಿ ಪರಿಗಣಿಸಬಹುದೆಂದು 2025ರ ಜುಲೈ 14ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಬೇರೆಯವರು ಹೂಡಿದ ಹಣದ ದಾವೆಯಾಗಿದ್ದರೆ ನಿಮ್ಮ ಒಪ್ಪಿಗೆಯಿಲ್ಲದೆ ಪತಿ ನಿಮ್ಮ ಮಾತನ್ನು ಅಲ್ಲಿ ಹೇಳುವಂತಿರಲಿಲ್ಲ.

ನೀವು ಪ್ರಶ್ನಿಸಬೇಕಾದದ್ದು ರೆಕಾರ್ಡಿಂಗ್‌ನ ಅಸಲಿತನವನ್ನು. ಪ್ರತಿಯನ್ನು ಸಿಡಿಯಲ್ಲೋ ಪೆನ್‌ಡ್ರೈವ್‌ನಲ್ಲೋ ಕೊಟ್ಟಿದ್ದರೆ ಕಲಂ 63(4)ರ ಪ್ರಮಾಣಪತ್ರ ಬೇಕು. ಭಾಗ ‘ಎ’ ಪತಿಯದ್ದು, ಭಾಗ ‘ಬಿ’ ತಜ್ಞರದ್ದು, ಎರಡರಲ್ಲೂ ಫೈಲಿನ ಹ್ಯಾಶ್ ಮೌಲ್ಯ ಇರಬೇಕು. ಅದು ಅಂಕಿ ಅಕ್ಷರಗಳ ಉದ್ದನೆಯ ಸಾಲು. ಫೈಲಿನಲ್ಲಿ ಒಂದು ಕ್ಷಣದ ಧ್ವನಿ ಕತ್ತರಿಸಿದರೂ ಇಡೀ ಸಾಲು ಬೇರೆಯಾಗುತ್ತದೆ. ಮೂಲ ಫೋನ್ ಹಾಜರುಪಡಿಸಲು ಕೇಳಿ, ಎರಡು ಹ್ಯಾಶ್ ಹೊಂದುತ್ತವೆಯೇ ನೋಡಿ. ಧ್ವನಿ ನಿಮ್ಮದೇ ಎಂಬುದನ್ನೂ ಅವರೇ ರುಜುವಾತು ಮಾಡಬೇಕು.

ಪ್ರಶ್ನೆ: ಕಂಪನಿಯ ಕಾನೂನು ಅಧಿಕಾರಿಗೆ, ಲೆಕ್ಕಪರಿಶೋಧಕರಿಗೆ ಬರೆದದ್ದೂ ಗೋಪ್ಯವೇ?
— ಓದುಗರು, ಬೆಂಗಳೂರು

ಉತ್ತರ: ಲೆಕ್ಕಪರಿಶೋಧಕರಿಗೆ ಕಲಂ 132ರ ರಕ್ಷಣೆ ಇಲ್ಲ, ಸಮನ್ಸ್ ಬಂದರೆ ಹೇಳಲೇಬೇಕು. ಸಂಬಳದ ಕಾನೂನು ಅಧಿಕಾರಿ ನ್ಯಾಯಾಲಯದಲ್ಲಿ ವಕಾಲತ್ತು ಮಾಡುವ ವಕೀಲರಲ್ಲವಾದ್ದರಿಂದ ಅವರಿಗೂ ಇಲ್ಲ ಎಂದು ಮೇಲೆ ಹೇಳಿದ ಅಕ್ಟೋಬರ್ ತೀರ್ಪೇ ಹೇಳುತ್ತದೆ. ಆ ಅಧಿಕಾರಿ ಕಂಪನಿಯ ಹೊರಗಿನ ವಕೀಲರಿಗೆ ಬರೆದದ್ದಕ್ಕೆ ಕಲಂ 134 ಆಸರೆಯಾಗುತ್ತದೆ. ವ್ಯವಸ್ಥಾಪಕರಿಗೂ ಅವರಿಗೂ ನಡುವೆ ಹರಿದಾಡಿದ ಟಿಪ್ಪಣಿಗೆ ಆಗುವುದಿಲ್ಲ.